ಅತ್ತಿಗೆಗೆ ನಾನು ಓದಿ ಹೇಳಿದ ಕಾಗದ

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಅಂಗನವಾಡಿಯ ಬೀಗ ತೆಗೆದೆ. ಕಸ ಗುಡಿಸಿ, ಕುಡಿಯುವ ನೀರಿನ ಕ್ಯಾನು ತೊಳೆದು ತುಂಬಿಸಿದೆ. ಸಹಾಯಕಿ ರಜೆಯಲ್ಲಿದ್ದಳು, ಹಾಲನ್ನೂ ನಾನೇ ಕಾಯಿಸಿ ಕೊಟ್ಟೆ. ಹದಿಮೂರು ಮಕ್ಕಳ ತೂಕ ನೋಡಿ ಬರೆದುಕೊಂಡೆ. ಒಂದು ಕೂಸು ಇನ್ನೂರು ಗ್ರಾಂ ಇಳಿದಿತ್ತು, ಅದರ ತಾಯಿಗೆ ಹೇಳಿ ಕಳಿಸಿದೆ. ಮೊಟ್ಟೆ ಬೇಯಿಸಿ ಸುಲಿದಿಟ್ಟೆ. ಮಧ್ಯಾಹ್ನ ಅನ್ನ ಸಾರು ಬಡಿಸಿದೆ, ಪಾತ್ರೆ ತೊಳೆದೆ, ಚಾಪೆ ಕೊಡವಿ ಮಡಚಿದೆ. ನಾಲ್ಕು ಗಂಟೆಗೆ ಬಾಗಿಲು ಹಾಕಿಕೊಂಡು ನೇರವಾಗಿ ಅತ್ತಿಗೆಯ ಮನೆಗೆ ಹೋದೆ. ಆರು ವರ್ಷದ ಹಿಂದೆ ಅವಳ ಮಗಳು ಬರೆದ ಕಾಗದವನ್ನು ನಾನು ಸುಳ್ಳು ಓದಿ ಹೇಳಿದ್ದೆ ಎಂದು ಹೇಳಿದೆ.

ಆ ಮಗಳು ಈಗಿಲ್ಲ. ಹೆಸರು ಪವಿತ್ರ. ನಮಗೆಲ್ಲ ಪವಿ. ನನ್ನ ಅಣ್ಣ ಗಿರಿಯಪ್ಪನ ಹಿರಿಯ ಮಗಳು. ಹದಿನೇಳು ತುಂಬಿತ್ತು, ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಹೇಗೆ, ಎಲ್ಲಿ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಹೇಳಿ ಹೇಳಿ ಜನ ಆಗಲೇ ಸವೆಸಿದ್ದಾರೆ. ನಾನು ಹೇಳಬೇಕಾದದ್ದು ಅದಕ್ಕೂ ಮೂರು ವಾರ ಹಿಂದಿನದು — ಯಾರಿಗೂ ಗೊತ್ತಿಲ್ಲದ್ದು. ನನಗೊಬ್ಬಳಿಗೇ ಗೊತ್ತಿದ್ದದ್ದು.

ನಾವು ಇರುಳಿಗರು. ನಮ್ಮ ಅಜ್ಜಂದಿರು ಮಾಗಡಿ ಕಡೆಯ ಕಾಡಿನವರು. ಈಗ ನಮ್ಮ ಹೋಬಳಿಯ ಮಧುರೆಯಿಂದ ಒಳಗೆ ಮೂರು ಕಿಲೋಮೀಟರಿನಲ್ಲಿ ಇಪ್ಪತ್ತೆರಡು ಮನೆಯ ಕಾಲೋನಿ. ಗಂಡಸರು ಗೌಡರ ದ್ರಾಕ್ಷಿ ತೋಟಗಳಿಗೆ ಹೋಗುತ್ತಾರೆ, ವಯಸ್ಸಿನ ಹುಡುಗ ಹುಡುಗಿಯರು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಿಗೆ. ಹತ್ತನೇ ಕ್ಲಾಸು ಮುಟ್ಟಿದ ಮೊದಲನೆಯವಳು ನಾನು. ಆದ್ದರಿಂದ ಕಾಲೋನಿಗೆ ಬರುವ ಕಾಗದ, ಕಾಲೋನಿಯಿಂದ ಹೋಗುವ ಕಾಗದ, ಎಲ್ಲವೂ ನನ್ನ ಕೈ ದಾಟಿಯೇ ಬರಬೇಕು, ಹೋಗಬೇಕು. ರೇಷನ್ ಕಾರ್ಡಿನ ನೋಟಿಸು, ಜಾತಿ ಪತ್ರದ ಅರ್ಜಿ, ಆಸ್ಪತ್ರೆಯ ಚೀಟಿ. ಮಕ್ಕಳು ಓದಿದ್ದಾರೆ ನಿಜ, ಆದರೆ ಮನೆಯ ಮಾತಿಗೆ ಮಕ್ಕಳ ಮುಂದೆ ಬಾಯಿ ಬಿಡಲು ದೊಡ್ಡವರಿಗೆ ಸಂಕೋಚ. "ಟೀಚರಮ್ಮ ಓದಿದ್ರೆ ಸರ್ಯಾಗಿರ್ತದೆ" ಎನ್ನುತ್ತಾರೆ. ಇಪ್ಪತ್ತು ವರ್ಷ ಹಾಗೇ ಎಂದಿದ್ದಾರೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ಹಾಸ್ಟೆಲ್ಲಿನಲ್ಲಿರುವ ಮಕ್ಕಳಿಗೆ ಕಾಗದ ಬರೆಸಿದರೆ ನಮ್ಮ ತಾಯಂದಿರು ಕೆಳಗೆ ಹೆಬ್ಬೆಟ್ಟು ಒತ್ತುತ್ತಾರೆ. ಯಾರೂ ಕೇಳಿದ್ದಲ್ಲ, ಅದೇನು ಸರ್ಕಾರಿ ಅರ್ಜಿಯೂ ಅಲ್ಲ. ಅಕ್ಷರ ಟೀಚರಮ್ಮನದು, ಮಾತು ನಮ್ಮಮ್ಮನದು ಎಂದು ಮಗುವಿಗೆ ತಿಳಿಯಲಿ ಎಂದು. ಅಂಗನವಾಡಿಯ ಇಂಕ್ ಪ್ಯಾಡಿಗೆ ಬೆರಳೊತ್ತಿ, ಊದಿ, ಕಾಗದದ ಮೇಲಿಟ್ಟು ಒಂದು ಕ್ಷಣ ಹಾಗೇ ಹಿಡಿದುಕೊಳ್ಳುತ್ತಾರೆ. ಮಗುವಿನ ಕೆನ್ನೆ ಮುಟ್ಟಿದ ಹಾಗೆ.

ಪವಿಯನ್ನು ಪಟ್ಟಣದ ಹಾಸ್ಟೆಲ್ಲಿಗೆ ಕಳಿಸಿ ಎಂದು ಹಟ ಹಿಡಿದವಳು ನಾನೇ. ಅತ್ತಿಗೆ ಮಾದಮ್ಮನಿಗೆ ಮನಸ್ಸಿರಲಿಲ್ಲ. "ಇಲ್ಲೇ ಬಸ್ಸಲ್ಲಿ ಹೋಗಿ ಬರೋ ಕಾಲೇಜ್ ಇಲ್ವಾ ಜಯಾ" ಎಂದು ಎರಡು ಸಲ ಕೇಳಿದಳು. ನಾನು ದೊಡ್ಡ ಭಾಷಣವನ್ನೇ ಮಾಡಿದೆ. ನಮ್ಮ ಕಾಲೋನಿಯಿಂದ ಒಬ್ಬಳಾದರೂ ನರ್ಸ್ ಆಗಬೇಕು, ನಮ್ಮ ಹೆಂಗಸರ ಮೈ ಮುಟ್ಟುವಾಗ ಮುಖ ಸಿಂಡರಿಸದವಳು ಆಸ್ಪತ್ರೆಯಲ್ಲಿ ಒಬ್ಬಳಾದರೂ ಇರಬೇಕು ಎಂದೆಲ್ಲ. ಕೊನೆಗೆ ಅತ್ತಿಗೆ, "ನೀನು ಹೇಳ್ದೆ ಅಂತ ಕಳಿಸ್ತೀನಿ, ನೋಡ್ಕೊಳ್ಳೋದು ನಿಂದು" ಎಂದಳು. ಇಲಾಖೆಯ ಸಭೆಯಲ್ಲಿ ಮೇಡಂ ಒಬ್ಬರು ನನ್ನನ್ನು ಎದ್ದು ನಿಲ್ಲಿಸಿ, ಇವರ ಕಾಲೋನಿಯ ಹುಡುಗಿ ಪಿಯುಸಿ ವಿಜ್ಞಾನ ತೆಗೆದುಕೊಂಡಿದ್ದಾಳೆ ಎಂದು ಚಪ್ಪಾಳೆ ತಟ್ಟಿಸಿದ್ದರು. ಆ ಚಪ್ಪಾಳೆ — ಅದನ್ನು ಬಿಟ್ಟು ಬರೆದರೆ ಇದೂ ಸುಳ್ಳು ಓದಿದ ಹಾಗೇ ಆಗುತ್ತದೆ.

ಹಾಸ್ಟೆಲ್ಲಿನಲ್ಲಿ ಫೋನು ಇಟ್ಟುಕೊಳ್ಳುವಂತಿರಲಿಲ್ಲ. ಭಾನುವಾರ ವಾರ್ಡನ್ನರ ಫೋನಿನಿಂದ ಎರಡು ನಿಮಿಷ, ಅವರು ಪಕ್ಕದಲ್ಲೇ ನಿಂತಿರುವಾಗ. ಆ ಎರಡು ನಿಮಿಷದಲ್ಲಿ ಪವಿ ಯಾವಾಗಲೂ "ಚೆನ್ನಾಗಿದೀನಿ" ಎನ್ನುತ್ತಿದ್ದಳು. ಗಣೇಶನ ಹಬ್ಬ ಕಳೆದ ಮೇಲೆ ಒಂದು ಶನಿವಾರ, ಅದೇ ಹಾಸ್ಟೆಲ್ಲಿನಲ್ಲಿದ್ದ ಮಧುರೆಯ ಹುಡುಗಿಯೊಬ್ಬಳು ಊರಿಗೆ ಬಂದವಳು ಅಂಗನವಾಡಿಗೆ ಬಂದು, ನೋಟ್‌ಬುಕ್ಕಿನಿಂದ ಹರಿದು ನಾಲ್ಕು ಮಡಿಕೆ ಮಾಡಿದ ಹಾಳೆ ಕೊಟ್ಟು ಹೋದಳು. ಮೇಲುಗಡೆ ಬರೆದಿತ್ತು — ಅತ್ತೆ, ಅಮ್ಮಂಗೆ ಇದ್ದಂಗೇ ಓದಿ ಹೇಳು.

ನಾನು ಮೊದಲು ಒಬ್ಬಳೇ ಓದಿಕೊಂಡೆ. ಅದೇ ಮೊದಲ ತಪ್ಪು.

ಅಮ್ಮ, ಇಲ್ಲಿ ನನಗೆ ಆಗುತ್ತಿಲ್ಲ ಎಂದು ಬರೆದಿದ್ದಳು. ನಿದ್ದೆ ಬರುವುದಿಲ್ಲ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಊಟಕ್ಕೆ ಕೂತರೆ ನೀವು ಇಲಿ ತಿನ್ನುವವರಂತೆ ಎಂದು ನಗುತ್ತಾರೆ, ನಿನ್ನ ತಟ್ಟೆ ಬೇರೆ ಇಡು ಅನ್ನುತ್ತಾರೆ. ಅದನ್ನಾದರೂ ತಡೆದುಕೊಳ್ಳಬಹುದು, ಆದರೆ ಈಗೀಗ ಸುಮ್ಮನಿದ್ದರೂ ಅಳು ಬರುತ್ತೆ, ಪುಸ್ತಕ ತೆಗೆದರೆ ಅಕ್ಷರ ಕಾಣುವುದಿಲ್ಲ, ಏನಾಗಿದೆಯೋ ನನಗೇ ಗೊತ್ತಿಲ್ಲ. ಅಪ್ಪನ್ನ ಕಳಿಸು, ಬಂದು ಕರ್ಕೊಂಡು ಹೋಗ್ಲಿ. ಬೈಬೇಡಮ್ಮ, ನಾನು ಸೋಮಾರಿ ಅಲ್ಲ.

ಅಷ್ಟೇ. ಒಂದೂವರೆ ಪುಟ.

ಓದಿದಾಗ ನನಗೆ ಕನಿಕರ ಬರಲಿಲ್ಲ. ಸಿಟ್ಟು ಬಂತು. ನಾನೂ ಹಾಸ್ಟೆಲ್ಲಿನಲ್ಲಿದ್ದವಳೇ, ನನ್ನ ತಟ್ಟೆಯನ್ನೂ ಬೇರೆ ಇಡಿಸಿದ್ದರು, ನಾನು ಹಲ್ಲು ಕಚ್ಚಿಕೊಂಡು ಮೂರು ವರ್ಷ ಕಳೆಯಲಿಲ್ಲವೇ — ಇವಳಿಗೆ ಮೂರು ತಿಂಗಳು ಆಗುವುದಿಲ್ಲವೇ? ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಸುಮ್ಮನಿದ್ದರೂ ಅಳು ಬರುತ್ತದೆ ಎಂಬ ಸಾಲಿನ ಮೇಲೆ ನನ್ನ ಕಣ್ಣು ನಿಲ್ಲಲೇ ಇಲ್ಲ. ಮಕ್ಕಳ ತೂಕ ಇನ್ನೂರು ಗ್ರಾಂ ಇಳಿದರೆ ಹಿಡಿಯುವ ಕಣ್ಣು ಅದು.

ಸಂಜೆ ಅತ್ತಿಗೆ ಬಂದಳು. ಕೂಲಿಯಿಂದ ಬಂದವಳು ಕೈಕಾಲು ತೊಳೆದು, ಸೆರಗಿನಲ್ಲಿ ಕೈ ಒರೆಸುತ್ತ ಜಗಲಿಯ ಮೇಲೆ ಕೂತಳು. ನಾನು ಕನ್ನಡಕ ಹಾಕಿಕೊಂಡೆ.

"ಕನ್ನಡಕ ಏರಿಸ್ಬಿಟ್ರೆ ನಮ್ಮ ಜಯಮ್ಮ ತಾಲೂಕ್ ಆಫೀಸರ್ ಆಗ್ಬಿಡ್ತಾಳೆ" ಎಂದು ನಕ್ಕಳು. "ಬಸ್ಸು ಹಿಡಿಯೋರಂಗೆ ಓಡಿಸ್ಬೇಡ ಕಣವ್ವ. ನಿಧಾನಕ್ಕೆ ಓದು. ನಂಗೆ ಒಂದೊಂದು ಮಾತೂ ಬೇಕು."

ನಾನು ನಿಧಾನವಾಗಿಯೇ ಓದಿದೆ. ಅಮ್ಮ, ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಹೊಸ ಸ್ನೇಹಿತೆಯರು ಸಿಕ್ಕಿದ್ದಾರೆ. ಪಾಠ ಸ್ವಲ್ಪ ಕಷ್ಟ, ಆದರೆ ಓದುತ್ತಿದ್ದೇನೆ. ದಸರಾ ರಜೆಗೆ ಬರುತ್ತೇನೆ. ಹಾಳೆಯ ಮೇಲೆ ಕಣ್ಣಾಡಿಸುತ್ತ, ಸಾಲಿನಿಂದ ಸಾಲಿಗೆ ಬೆರಳು ಜರುಗಿಸುತ್ತ ಓದಿದೆ. ಬೆರಳು ಕೂಡ ಸುಳ್ಳು ಹೇಳಿತು.

ಅತ್ತಿಗೆಯ ಮುಖ ಅರಳಿತು. ನಾನು ಅದನ್ನು ನೋಡಿ — ನೋಡಿಯೂ — ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ.

ಉತ್ತರ ಬರೆಯಲು ಹೇಳಿದಳು. ಅವಳು ಹೇಳಿದ್ದನ್ನು ಆರು ವರ್ಷದಲ್ಲಿ ಒಂದು ದಿನವೂ ಮರೆತಿಲ್ಲ. "ನೀನು ಚೆನ್ನಾಗಿದೀಯ ಅಂತ ಕೇಳಿ ಹೊಟ್ಟೆ ತುಂಬ್ತು ಅಂತ ಬರಿ. ಸುಮ ದಿನಾ ನಿನ್ನ ಕೇಳ್ತಾಳೆ ಅಂತ ಬರಿ. ಆಮೇಲೆ — ಆಗ್ದಿದ್ರೆ ಬಂದ್ಬಿಡು ಮಗ, ಮನೆ ಐತೆ ಅಂತ್ಲೂ ಬರಿ. ಅದನ್ನ ಮರೀಬೇಡ."

ನಾನು ಬರೆದದ್ದು ಬೇರೆ. ಪವಿತ್ರ, ನಿನ್ನ ಕಾಗದ ತಲುಪಿತು. ಎಲ್ಲರಿಗೂ ಕಷ್ಟ ಇರುತ್ತದೆ. ಅಲ್ಲೇ ಇದ್ದು ಓದು. ಈಗ ಮನೆಗೆ ಬರಬೇಡ. ಅಪ್ಪ ಬರುವುದಿಲ್ಲ. ಇಂತಿ ನಿನ್ನ ಅಮ್ಮ.

ಇಂಕ್ ಪ್ಯಾಡು ತೆಗೆದುಕೊಟ್ಟೆ. ಅತ್ತಿಗೆ ಬೆರಳೊತ್ತಿ, ಊದಿ, ಬರಬೇಡ ಎಂಬ ಮಾತಿನ ಕೆಳಗೆ ತನ್ನ ಹೆಬ್ಬೆಟ್ಟನ್ನು ಇಟ್ಟು, ಒಂದು ಕ್ಷಣ ಹಾಗೇ ಹಿಡಿದುಕೊಂಡಳು.

ಸೋಮವಾರ ಆ ಮಧುರೆಯ ಹುಡುಗಿಯ ಕೈಯಲ್ಲಿ ಕಾಗದ ಹೋಯಿತು. ಮುಂದಿನ ಭಾನುವಾರ ಪವಿಯ ಫೋನು ಬಂತು. ನಾನು ಅಲ್ಲೇ ಇದ್ದೆ, ಅಣ್ಣನ ಫೋನನ್ನು ಅತ್ತಿಗೆ ಕಿವಿಗೆ ಒತ್ತಿಕೊಂಡು, "ಕಾಗದ ಬಂತಾ ಮಗ?" ಎಂದಳು. ಬಂತಂತೆ. "ಓದ್ಕೊಂಡ್ಯಾ?" ಓದಿಕೊಂಡಳಂತೆ. "ನಾನ್ ಬರ್ಸಿದ್ದೆಲ್ಲ ಇತ್ತಾ?" ಆ ಕಡೆಯಿಂದ ಏನು ಬಂತೋ. ಅತ್ತಿಗೆ ಫೋನು ಅಣ್ಣನಿಗೆ ಕೊಡುತ್ತ, "ಹೂಂ ಅಂದ್ಳು. ಯಾಕೋ ಮಾತೇ ಕಮ್ಮಿ, ಪಕ್ಕದಲ್ಲಿ ವಾರ್ಡನ್ ಇರ್ಬೇಕು" ಎಂದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಸ್ಸು ಇತ್ತು, ಕೈಯಲ್ಲಿ ಎರಡು ವಾರ ಇತ್ತು.

ಪಿತೃಪಕ್ಷ ಮುಗಿದ ವಾರ ಸುದ್ದಿ ಬಂತು.

ಆ ದಿನಗಳನ್ನು ನಾನು ಬರೆಯಲಾರೆ. ಒಂದನ್ನು ಮಾತ್ರ ಬರೆಯುತ್ತೇನೆ. ಹಾಸ್ಟೆಲ್ಲಿನಿಂದ ಅವಳ ಟ್ರಂಕು ಬಂದಾಗ, ಬಟ್ಟೆಯ ಕೆಳಗೆ ಆ ಹೆಬ್ಬೆಟ್ಟಿನ ಕಾಗದ ಸಿಕ್ಕಿತು. ಅತ್ತಿಗೆ ಅದನ್ನು ಯಾರ ಕೈಯಲ್ಲೂ ಓದಿಸಲಿಲ್ಲ. ಯಾಕೆ ಓದಿಸಬೇಕು? ಅದರಲ್ಲಿ ಏನಿದೆ ಎಂದು ತನಗೆ ಗೊತ್ತು ಅಂದುಕೊಂಡಿದ್ದಳು. ಎದೆ ಬಡಿದುಕೊಂಡು ನನಗೇ ತೋರಿಸಿದಳು. "ನೋಡು ಜಯಾ, ಆಗ್ದಿದ್ರೆ ಬಂದ್ಬಿಡು ಅಂತ ಬರ್ಸಿದ್ದೆ. ಮನೆ ಐತೆ ಅಂತ ಬರ್ಸಿದ್ದೆ. ಆದ್ರೂ ಒಂದು ಮಾತು ನಂಗೆ ಹೇಳ್ಲಿಲ್ವಲ್ಲ ಇವ್ಳು. ನಾನೇನು ಇವ್ಳಿಗೆ ಯಾರೂ ಅಲ್ವಾ?"

ನಾನು ಅವಳ ಬೆನ್ನು ಸವರಿದೆ. ಸವರುತ್ತ ಕೂತೆ. ಅಷ್ಟೇ ಮಾಡಿದೆ.

ಅಲ್ಲಿಂದ ಅತ್ತಿಗೆಯ ದುಃಖ ಮುನಿಸಾಗಿ ಹೆಪ್ಪುಗಟ್ಟಿತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹೋದವರಿಗೆ ಎಡೆ ಇಡುತ್ತಾರೆ, ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನು ಮಾಡಿ. ಹಾಗೆ ಹೋದವರಿಗೆ ಇಡುವುದಿಲ್ಲ ಎಂದು ಕೆಲವು ಹಿರಿಯರು ಅಂದರು, ಮಗು ಅಲ್ಲವೇ ಇಡಮ್ಮ ಎಂದು ಕೆಲವರು ಅಂದರು. ಅತ್ತಿಗೆ ಎರಡೂ ಕಡೆಯವರ ಮಾತಿಗೂ ಕಾಯಲಿಲ್ಲ. "ಹೇಳ್ದೆ ಹೋದೋಳಿಗೆ ಎಡೆ ಎಲ್ಲಿಂದ ಇಡ್ಲಿ" ಎಂದಳು. ಪವಿಯ ಫೋಟೋ ಗೋಡೆಯಿಂದ ಇಳಿಯಿತು. ಆಮೇಲೆ ಆ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಗಳು ತನಗೆ ಮೋಸ ಮಾಡಿ ಹೋದಳು ಎಂದೇ ತಾಯಿ ಆರು ವರ್ಷ ಬದುಕಿದಳು. ಆ ಮೋಸದ ನಿಜವಾದ ಒಡತಿ ದಿನಾ ಸಂಜೆ ಅವಳ ಜಗಲಿಯ ಮೇಲೆ ಕೂತು ಅವಳ ಕೈಯ ಟೀ ಕುಡಿಯುತ್ತಿದ್ದಳು.

ಪವಿ ಬರೆದ ಕಾಗದ ನನ್ನಲ್ಲೇ ಉಳಿದಿತ್ತು. ಒಲೆಗೆ ಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ, ಆಗಲಿಲ್ಲ. ಅಂಗನವಾಡಿಯ ಬೀರುವಿನಲ್ಲಿ ಹಳೆಯ ಹಾಜರಿ ಪುಸ್ತಕಗಳ ನಡುವೆ ಇಟ್ಟಿದ್ದೆ. ಬೀರುವಿನ ಬಾಗಿಲು ತೆಗೆದಾಗಲೆಲ್ಲ — ದಿನಾ ತೆಗೆಯಬೇಕು, ಮೊಟ್ಟೆಯ ಟ್ರೇ ಅಲ್ಲೇ ಇರುವುದು.

ಹೀಗೇ ಸತ್ತುಹೋಗುತ್ತಿದ್ದೆನೇನೋ, ಹೇಳದೆ. ನಾಲ್ಕು ತಿಂಗಳ ಹಿಂದೆ ಆಚೆ ಹೋಬಳಿಯ ನಮ್ಮವರದೇ ಕಾಲೋನಿಯಲ್ಲಿ ಒಬ್ಬ ಇಪ್ಪತ್ತರ ಹುಡುಗ ಪವಿಯ ಹಾಗೇ ಹೋದ. ಅದಾದ ಮೇಲೆ ಆಸ್ಪತ್ರೆಯ ಕಡೆಯಿಂದ ಕೌನ್ಸಿಲರ್ ಮೇಡಂ ಒಬ್ಬರು ಹದಿನೈದು ದಿನಕ್ಕೊಮ್ಮೆ ಭಾನುವಾರ ನಮ್ಮ ಅಂಗನವಾಡಿಗೂ ಬರತೊಡಗಿದರು. ಚಿಕ್ಕ ವಯಸ್ಸಿನವರು, ನೆಲದ ಮೇಲೆ ನಮ್ಮ ಜೊತೆಗೇ ಕೂರುತ್ತಾರೆ. ಹೋದವರ ಹೆಸರು ಹೇಳಿ ಅಂದರು. ಹೇಗೆ ಹೋದರು ಅನ್ನುವುದು ಬೇಡ, ಹೇಗೆ ಇದ್ದರು ಅನ್ನುವುದನ್ನು ಹೇಳಿ. ಹೆಸರು ಮುಚ್ಚಿಟ್ಟಷ್ಟೂ ಉಳಿದ ಮಕ್ಕಳು ತಮ್ಮ ನೋವನ್ನೂ ಮುಚ್ಚಿಡುವುದನ್ನು ಕಲಿಯುತ್ತಾರೆ ಅಂದರು.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಅಜ್ಜಿ, ಎಂದೋ ಹೋದ ತನ್ನ ತಮ್ಮ ಮರದ ಮೇಲೆ ಕೂತು ಜೇನು ನೆಕ್ಕುತ್ತಿದ್ದ, ಕೆಳಗಿದ್ದವರಿಗೆ ಬರೀ ಮೇಣ ಎಸೆಯುತ್ತಿದ್ದ ಎಂದಳು. "ಕಳ್ಳ ನನ್ಮಗ" ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ಅಜ್ಜಿ ಅತ್ತಳು, ಅವಳ ಜೊತೆ ಇನ್ನಿಬ್ಬರು ಅತ್ತರು. ಅವತ್ತಿನಿಂದ ಆ ಕೂಟಕ್ಕೆ ಜನ ಹೆಚ್ಚಾದರು.

ಅತ್ತಿಗೆ ಬಂದದ್ದು ಒಂದೇ ಸಲ. ಸರದಿ ಬಂದಾಗ, "ನಂಗೆ ಹೇಳೋ ಹೆಸ್ರಿಲ್ಲ ಮೇಡಂ. ನಂಗೆ ಹೇಳ್ದೆ ಹೋದೋಳ ಹೆಸ್ರು ನಾನ್ಯಾಕೆ ಹೇಳ್ಲಿ" ಎಂದು ಎದ್ದು ಹೋದಳು. ನಾನು ಲೋಟಗಳಿಗೆ ಟೀ ಸುರಿಯುತ್ತಿದ್ದೆ. ಅರ್ಧ ಕೆಳಗೆ ಚೆಲ್ಲಿತು. ಒರೆಸಿದೆ.

ಅದಾದ ಹತ್ತು ದಿನಕ್ಕೆ ಸುಮ ಬಂದಳು. ಪವಿಯ ತಂಗಿ, ಅಕ್ಕ ಹೋದಾಗ ಹನ್ನೆರಡು, ಈಗ ಹದಿನೆಂಟು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮಾತು ಕಡಿಮೆ, ಅಮ್ಮನ ಜೊತೆಗಂತೂ ಇಲ್ಲವೇ ಇಲ್ಲ. ವಯಸ್ಸೇ ಹಾಗೆ ಎಂದು ನಾವೆಲ್ಲ ಸುಮ್ಮನಿದ್ದೆವು. ಮಕ್ಕಳು ಹೋದ ಮೇಲೆ ಬಂದು, ಮಕ್ಕಳ ಗಿಡ್ಡ ಕುರ್ಚಿಯ ಮೇಲೆ ಮಂಡಿ ಎತ್ತಿ ಕೂತಳು.

"ಅತ್ತೆ, ನಾನು ಫ್ಯಾಕ್ಟರಿ ಹತ್ರಾನೇ ರೂಮ್ ಮಾಡ್ಕೋತೀನಿ. ಅಮ್ಮಂಗೆ ನೀನೇ ಹೇಳು."

"ಯಾಕವ್ವ, ಏನಾಯ್ತು?"

"ಅವಳ ಮುಖ ನೋಡಕ್ಕೆ ಆಗಲ್ಲ ನಂಗೆ." ಸ್ವಲ್ಪ ಹೊತ್ತು ಉಗುರು ಕಚ್ಚಿದಳು. "ಅಕ್ಕನ ಟ್ರಂಕಲ್ಲಿ ಇದ್ದ ಕಾಗದ ಓದಿದೀನಿ ಅತ್ತೆ. ಎಂಟನೇ ಕ್ಲಾಸಲ್ಲೇ ಓದಿದೀನಿ. ಮನೆಗೆ ಬರಬೇಡ ಅಂತ ಬರ್ಸವ್ಳೆ. ಹೆಬ್ಬೆಟ್ಟು ಒತ್ತವ್ಳೆ. ಆಮೇಲೆ ಊರೋರ ಮುಂದೆ, ನನ್ನ ಮಗಳು ನಂಗೆ ಹೇಳ್ಲಿಲ್ಲ ಅಂತ ಅಳ್ತಾಳೆ. ನೀನೇ ಬರ್ದಿರೋದು, ನಿಂಗೊತ್ತಿಲ್ವಾ?"

ನನಗೆ ಗೊತ್ತಿತ್ತು. ನನ್ನ ಬಾಯಿಂದ ಬಂದದ್ದು, "ಹಳೇದೆಲ್ಲ ಈಗ್ಯಾಕೆ ಬಿಡು ಮಗ" ಎಂಬ ಮಾತು. ಆರು ವರ್ಷದ ಮೇಲೂ ಅದೇ ನಾಲಿಗೆ.

ಸುಮ ಎದ್ದಳು. ಬಾಗಿಲಲ್ಲಿ ನಿಂತು, ಎತ್ತಲೋ ನೋಡುತ್ತ, ಸಾಮಾನು ತರಲು ಹೇಳುವ ದನಿಯಲ್ಲಿ ಹೇಳಿದಳು — "ನಂಗೂ ಒಂದೊಂದ್ಸಲ ಸಾಕು ಅನ್ಸತ್ತೆ ಅತ್ತೆ. ಮನೇಲಿ ಹೇಳಿದ್ರೆ ಏನಾಗತ್ತೆ ಅಂತ ಗೊತ್ತಲ್ಲ. ಅದಕ್ಕೇ ಯಾರ್ಗೂ ಹೇಳಲ್ಲ."

ಅಲ್ಲಿಯವರೆಗೆ ನಾನು ಬಚ್ಚಿಟ್ಟದ್ದು ಸತ್ತವಳ ಸಂಗತಿ ಎಂದುಕೊಂಡಿದ್ದೆ. ಅದು ಆ ಮನೆಯಲ್ಲೇ ಇದ್ದು, ಇವಳ ಜೊತೆ ಉಂಡು ಬೆಳೆಯುತ್ತಿತ್ತು. ಹೇಳಿಕೊಂಡರೆ ಅಮ್ಮ ಬರಬೇಡ ಅನ್ನುತ್ತಾಳೆ — ಹದಿಮೂರರ ಹುಡುಗಿ ಅದನ್ನು ಓದಿ ನಂಬಿದ್ದಳು. ಬರೆದ ಕೈ ನನ್ನದು.

ಅವತ್ತು ಒಂದೇ ಒಂದು ಸರಿಯಾದ ಕೆಲಸ ಮಾಡಿದೆ. ಅವಳನ್ನು ಹಿಡಿದು ಕೂರಿಸಿ, ಸಾಕು ಅಂದರೆ ಏನು ಎಂದು ನೇರವಾಗಿಯೇ ಕೇಳಿದೆ. ಜೀವ ಬೇಡ ಅನ್ನಿಸುತ್ತದಾ ಎಂದು ಕೇಳಿದೆ. ಕೇಳಿದ್ದಕ್ಕೇ ಅವಳು ಅತ್ತು ಹಗುರಾದಂತೆ ಕಂಡಳು. ಕೌನ್ಸಿಲರ್ ಮೇಡಂಗೆ ಅವಳ ಎದುರಿಗೇ ಫೋನು ಮಾಡಿ, ಅವಳು ಹೇಳಿದ್ದನ್ನು ಒಂದು ಮಾತೂ ಕೂಡಿಸದೆ, ಒಂದು ಮಾತೂ ಬಿಡದೆ ಹೇಳಿದೆ. ಮಾರನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಗ ಅವಳು ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ವಾರಕ್ಕೊಮ್ಮೆ ಮೇಡಂ ಹತ್ತಿರ ಹೋಗಿ ಕೂರುತ್ತಾಳೆ. ಒಂದು ತಿಂಗಳಾಯಿತು. ಹೋದ ವಾರ ನನ್ನ ಕನ್ನಡಕ ಕಿತ್ತು ಹಾಕಿಕೊಂಡು ನನ್ನನ್ನೇ ಅಣಕಿಸಿದಳು.

ಕಾಗದದ ವಿಷಯವನ್ನು ನಾನು ಮೊದಲು ಹೇಳಿದ್ದು ಆ ಮೇಡಂಗೆ. ಒಂದು ಸಾವಿಗೆ ಒಂದೇ ಕಾರಣ ಇರುವುದಿಲ್ಲ ಜಯಮ್ಮ, ಆ ಹುಡುಗಿಗೆ ಕಾಯಿಲೆಯೂ ಇತ್ತು, ಆ ಹಾಸ್ಟೆಲ್ಲಿನ ಅವಮಾನವೂ ಇತ್ತು, ಎಲ್ಲವನ್ನೂ ನೀವೊಬ್ಬರೇ ಹೊರಬೇಡಿ ಎಂದರು. ಇರಬಹುದು. ನನ್ನ ಪಾಲೆಷ್ಟು ಎಂದು ನಾನು ಅಳೆಯಲು ಹೋಗುವುದಿಲ್ಲ. ಅವಳು ಕೈ ಚಾಚಿದಾಗ ಆ ಕೈಗೂ ಅವಳ ತಾಯಿಗೂ ನಡುವೆ ನಾನು ನಿಂತಿದ್ದೆ, ಅಷ್ಟು ನನಗೆ ಗೊತ್ತು. ಅತ್ತಿಗೆಗೆ ಹೇಳಬೇಕೆಂದು ಮೇಡಂ ಅಂದರು. ಆದರೆ ಸುಮ ಸ್ವಲ್ಪ ಗಟ್ಟಿಯಾಗಲಿ, ಹೇಳುವ ದಿನ ತಾಯಿ ಮಗಳ ಹತ್ತಿರ ಯಾರಾದರೂ ಇರಲಿ ಎಂದೂ ಅಂದರು. ಆದ್ದರಿಂದ ಇವತ್ತು. ಸುಮನಿಗೆ ವಾರದ ರಜೆ. ಆಶಾ ಕಾರ್ಯಕರ್ತೆಗೆ ಹೇಳಿ ಪಕ್ಕದ ಮನೆಯಲ್ಲಿ ಕೂರಿಸಿದ್ದೆ.

ಅತ್ತಿಗೆ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸುಮ ತಲೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲಿಗೆ ಒರಗಿದ್ದಳು. ನಾನು ಜಗಲಿಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತೆ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಪವಿ ಏನು ಬರೆದಿದ್ದಳು, ನಾನು ಏನು ಓದಿದೆ. ನೀನು ಏನು ಹೇಳಿದೆ, ನಾನು ಏನು ಬರೆದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದ್ದರೆ ಅದೂ ಅವಳಿಂದ ಇನ್ನೊಂದು ಕಸಿದುಕೊಂಡ ಹಾಗೆ.

ಅತ್ತಿಗೆಯ ಕೈ ಅವರೆಕಾಯಿಯನ್ನು ಇನ್ನೂ ಸುಲಿಯುತ್ತಲೇ ಇತ್ತು. ಮುಖ ಮಾತ್ರ ನಿಂತುಹೋಗಿತ್ತು. ನಾನು ಕಾಗದ ತೆಗೆದೆ. ಕನ್ನಡಕಕ್ಕೆ ಕೈ ಹಾಕಿದೆ.

"ನೀನಲ್ಲ" ಎಂದಳು. "ಸುಮಾ, ಇಸ್ಕೊ. ನೀನು ಓದು."

ಸುಮ ಓದಿದಳು. ನನಗೆ ಬಾಯಿಪಾಠವಾಗಿದ್ದ ಕಾಗದ. ಅದನ್ನು ಜೋರಾಗಿ ಓದಿದ್ದನ್ನು ಇವತ್ತೇ ಕೇಳಿದ್ದು. ಬೈಬೇಡಮ್ಮ, ನಾನು ಸೋಮಾರಿ ಅಲ್ಲ ಎಂಬಲ್ಲಿ ಅವಳು ಹಾಳೆಯನ್ನು ಮುಖದ ಹತ್ತಿರ ತಂದುಕೊಂಡಳು.

"ಇನ್ನೊಂದ್ಸಲ ಓದು" ಎಂದಳು ಅತ್ತಿಗೆ.

ಓದಿದಳು.

"ಇನ್ನೊಂದ್ಸಲ."

ಮೂರನೆಯ ಸಲ ಮುಗಿದಾಗ ಅತ್ತಿಗೆ ಮೊರವನ್ನು ಪಕ್ಕಕ್ಕೆ ಸರಿಸಿದಳು. "ನನ್ ಕೂಸು ನಂಗೆ ಹೇಳಿತ್ತು" ಎಂದಳು. ನನಗಲ್ಲ, ಸುಮನಿಗೂ ಅಲ್ಲ. "ಎಲ್ಲಾನೂ ಹೇಳಿತ್ತು. ನಾನು ಆರು ವರ್ಷ ಅದ್ರ ಮೇಲೆ ಮುನಿಸ್ಕೊಂಡು ಕೂತಿದ್ದೆ." ಆಮೇಲೆ, ಮೊದಲ ಸಲ ಸುಮನ ಕಡೆ ತಿರುಗಿ, "ಆಗ್ದಿದ್ರೆ ಬಂದ್ಬಿಡು ಅಂದಿದ್ದೆ ಕಣೇ ನಾನು. ಮನೆ ಐತೆ ಅಂದಿದ್ದೆ."

"ನಂಗೊತ್ತಿರ್ಲಿಲ್ಲ ಅಮ್ಮ" ಎಂದಳು ಸುಮ. "ಬರಬೇಡ ಅಂತ ನೀನೇ ಬರ್ಸಿದ್ದು ಅಂದ್ಕೊಂಡಿದ್ದೆ."

ಆಮೇಲೆ ಸುಮ ಜರುಗಿ, ಎಣ್ಣೆ ಹಚ್ಚಿದ ತಲೆಯನ್ನು ತಾಯಿಯ ಭುಜಕ್ಕೆ ಇಟ್ಟಳು. ಅತ್ತಿಗೆ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ —

"ನಿನ್ನ ನಂಬಿ ಹೆಬ್ಬೆಟ್ಟು ಒತ್ದೆ ಜಯಾ" ಎಂದಳು. "ಹೋಗು. ನಿನ್ನ ಮುಖ ನಂಗೆ ಬೇಡ ಈಗ."

ಎದ್ದು ಬಂದೆ. ಮನೆಯಲ್ಲಿ ಗಂಡನಿಗೂ ಹೇಳಿದೆ. ಅವರು ಹೆಚ್ಚು ಮಾತಿನವರಲ್ಲ. ಬೀಡಿ ಹಚ್ಚಿ, ಆರಿಸಿ, "ಆರು ವರ್ಷ ಪಕ್ಕದಲ್ಲೇ ಇದ್ಯಲ್ಲೇ, ನಂಗೊಂದು ಮಾತು ಬೇಡ್ವಾ" ಎಂದರು. ಅವರಿಗೂ ಬೇಕಿತ್ತು. ಬರುವ ಭಾನುವಾರದ ಕೂಟದಲ್ಲಿ ಇದನ್ನು ಕಾಲೋನಿಯ ಎದುರು ಹೇಳುತ್ತೇನೆ. ನನ್ನಿಂದ ಕಾಗದ ಓದಿಸಿಕೊಂಡ ಪ್ರತಿಯೊಬ್ಬರಿಗೂ ಅದು ತಿಳಿಯಬೇಕು. ನನ್ನ ಬಾಯಿಂದ ಕೇಳಿದ್ದರಲ್ಲಿ ಯಾವುದು ನಿಜ ಎಂದು ಕೇಳುವ ಹಕ್ಕು ಅವರಿಗಿದೆ. ಇನ್ನು ಮುಂದೆ ಯಾರಾದರೂ ಕಾಗದ ತಂದರೆ, ಓದು ಬರುವ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದುತ್ತೇನೆ. ಯಾರೂ ತರದಿದ್ದರೆ — ಅದೂ ಸರಿಯೇ. ಇಷ್ಟನ್ನು ಬರೆದದ್ದು ಬೇರೆ ಊರುಗಳಲ್ಲೂ ನನ್ನಂಥವರು ಇರುತ್ತಾರೆಂದು. ಮಕ್ಕಳು ಹೇಳಿದ್ದನ್ನು ಮನೆಗೆ ಮುಟ್ಟಿಸುವ ಕೆಲಸ ನಿಮ್ಮದಾಗಿದ್ದರೆ, ಹಾಗೇ ಮುಟ್ಟಿಸಿ. ನಿಮ್ಮ ಬುದ್ಧಿವಂತಿಕೆಯನ್ನು ಅದಕ್ಕೆ ಸೇರಿಸಬೇಡಿ.

ಕತ್ತಲಾದ ಮೇಲೆ ಮುದ್ದೆ ತಿರುವಿದೆ. ಬೆಳಗಿನ ಹುರುಳಿಕಾಳಿನ ಸಾರು ಬಿಸಿ ಮಾಡಿದೆ. ಗಂಡ ಒಂದು ಮುದ್ದೆ ಉಂಡರು. ನಾನು ಅರ್ಧ ಮುದ್ದೆ ಉಂಡೆ, ಸಾರು ಕುಡಿದೆ. ಅಣ್ಣ ತೋಟದಿಂದ ಬಂದು ಎಲ್ಲ ಕೇಳಿರಬೇಕು. ನಮ್ಮ ಅಂಗಳದಲ್ಲೇ ನಿಂತ, ಒಳಗೆ ಬಾ ಎಂದರೆ ಬರಲಿಲ್ಲ. "ತಾಯಿ ಮಗಳು ಅವರೆಕಾಳು ಉಪ್ಪಿಟ್ಟು ಮಾಡಿದ್ರು, ಮೂರು ಜನಾನೂ ತಿಂದ್ವಿ" ಎಂದ. ತಿರುಗಿ ಹೊರಡುತ್ತ, "ಸುಮ ಮಾತ್ರೆ ತಗೊಂಡು ಮೊದ್ಲೇ ಮಲ್ಕೊಂಡ್ಳು. ನಿಮ್ಮತ್ತಿಗೆ ಅವಳ ಪಕ್ಕದಲ್ಲೇ ಚಾಪೆ ಹಾಕೊಂಡವ್ಳೆ, ಇನ್ನೂ ಮಲಗಿಲ್ಲ" ಎಂದು ಹೇಳಿ ಹೋದ.